ವರ್ಷವಿಡೀ ಮಳೆಯಾದರೆ ಕಾಫಿ ಹೂವಿನ ಗತಿಯೇನು?

ಸೋಮವಾರಪೇಟೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಕಾದಂಬರಿಗಾಗಿ 'ಮಳೆಸೀಮೆ' ಅಂತ ಒಂದು ನಾಡನ್ನೇ ಕಟ್ಟಿದ್ದೇನೆ. ವರ್ಷವಿಡೀ ಮಳೆ, ಗುಡ್ಡದ ತುಂಬಾ ಕಾಫಿ. ಹನ್ನೊಂದು ರಾಜರ ವಂಶಾವಳಿಯೂ ಇದೆ. ಆದರೂ ಜೀವ ಇಲ್ಲ ಅಂತಾರೆ. ಇನ್ನಷ್ಟು ವಿಜ್ಞಾನ, ಇತಿಹಾಸ ಸೇರಿಸಲಾ?"

ಬೇಡ. ಇರುವುದನ್ನೇ ಸ್ವಲ್ಪ ಹಿಂಡಿ ನೋಡಿ. ನೀವು ಕಳಿಸಿದ ಮೂರೂ ಅಧ್ಯಾಯ ಓದಿದೆ. ಮಳೆ ಸುರಿಯುತ್ತಲೇ ಇದೆ, ಯಾರ ಬಟ್ಟೆಯೂ ಒದ್ದೆಯಾಗಿಲ್ಲ!

ಕಾಫಿಯನ್ನೇ ತಗೊಳ್ಳಿ. ವರ್ಷವಿಡೀ ಮಳೆಯಾದರೆ ತೋಟ ಒಟ್ಟಿಗೆ ಹೂ ಬಿಡಲ್ಲ. ಮೊಗ್ಗು ಮೊದಲು ಬಾಯಾರಬೇಕು. ಆಮೇಲೆ ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ. ಎಂಟು-ಹತ್ತು ದಿನಕ್ಕೆ ಗುಡ್ಡವೆಲ್ಲ ಬಿಳಿ. ಆಗ ನಮ್ಮಲ್ಲಿ ಫೋನ್ ಎತ್ತಿದ ತಕ್ಷಣ ಕೇಳೋದು ಆರೋಗ್ಯ ಅಲ್ಲ, "ನಿಮ್ಮಲ್ಲಿ ಎಷ್ಟು ಸೆಂಟ್?" ಅಂತ. ನೂರು ಸೆಂಟ್‌ಗೆ ಒಂದು ಇಂಚು ಮಳೆ. ಪಕ್ಕದ ತೋಟಕ್ಕೆ ಎಂಬತ್ತು, ನಮಗೆ ಹತ್ತು ಅಂದರೆ ರಾತ್ರಿ ಊಟ ಸೇರಲ್ಲ. ಅರೆಬರೆ ಮಳೆಗೆ ಮೊಗ್ಗು ಸರಿಯಾಗಿ ಅರಳದೇ ಕೆಡುತ್ತದೆ. ಹೂ ಅರಳಿದ ದಿನವೇ ಮಳೆ ಹೊಯ್ದರೂ ಕಷ್ಟ. ರೊಬಸ್ಟಾ ಜಾತಿಯ ಕಾಫಿಗೆ ಬೇರೆ ಗಿಡದ ಪರಾಗ ಬೇಕು, ಜೇನುಹುಳ ಹೊರಗೆ ಬರಬೇಕಲ್ವಾ?

ಒಂದು ಗಿಡದ ಸ್ವಭಾವ ಹಿಡಿದು ಹೊರಟರೆ ಎಷ್ಟು ಜನ ಸಿಗ್ತಾರೆ ನೋಡಿ. ಮಳೆ ಅಳೆಯುವವನು, ಅಳತೆಯಲ್ಲಿ ಸುಳ್ಳು ಹೇಳುವವನು, ಹೂಮಳೆ ನಂಬಿ ಸಾಲ ಕೊಟ್ಟವನು. ನಿಮ್ಮ ಮಂತ್ರವಾದಿ ಮಳೆ ನಿಲ್ಲಿಸಬಲ್ಲ ಅಂತೀರಿ. ಹಾಗಾದರೆ ಅವನ ಬಾಗಿಲಿಗೆ ಕಾಣಿಕೆ ಹಿಡಿದು ಯಾರೂ ಯಾಕೆ ಬಂದಿಲ್ಲ?

ಬಿಡದೆ ಸುರಿಯುವ ಮಳೆಯೇ ಬೇಕಾದರೆ ನಮ್ಮ ಕೊಡಗಿನ ಕಕ್ಕಡ ತಿಂಗಳಿದೆ, ಜುಲೈ-ಆಗಸ್ಟ್‌ನದು. 18ನೇ ದಿನ ಮದ್ದು ಸೊಪ್ಪು ಕುದಿಸಿ, ಆ ನೇರಳೆ ಬಣ್ಣದ ನೀರಲ್ಲಿ ಪಾಯಸ ಮಾಡ್ತೇವೆ. ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ನಮ್ಮಲ್ಲಿಗೆ ಬಂದಿದ್ದ ಬೆಂಗಳೂರಿನ ನೆಂಟರೊಬ್ಬರು ಬೆಳಿಗ್ಗೆ ಬಚ್ಚಲಿನಿಂದ ಬಿಳಿಚಿಕೊಂಡು ಹೊರಬಂದು, ಯಾರಿಗೂ ಹೇಳದೆ ಸುಮ್ನೆ ಬ್ಯಾಗ್ ತುಂಬತೊಡಗಿದ್ದರು. ಊರಿನವರಿಗೆ ಗೊತ್ತಿದ್ದು ಹೊರಗಿನವನಿಗೆ ಗೊತ್ತಿಲ್ಲದ ಇಂಥದ್ದು ಮಳೆಸೀಮೆಯಲ್ಲಿ ಒಂದೂ ಇಲ್ಲ.

ಇನ್ನು ಇತಿಹಾಸ. ವಂಶಾವಳಿ ತೆಗೆದುಹಾಕಿ. ನಮ್ಮ ಕಡಂಗ ನೋಡಿದ್ದೀರಲ್ಲ? ಹಿಂದಿನವರು ಗಡಿಗೂ ಕಾಳಗಕ್ಕೂ ತೋಡಿದ ಕಂದಕ, ಈಗ ತೋಟಗಳ ನಡುವೆ ಹಾದುಹೋಗುತ್ತದೆ. ಕಾಳಗ ಯಾರಿಗೂ ನೆನಪಿಲ್ಲ, ಅದರೊಳಗೆ ದನ ಬಿದ್ದದ್ದು ನೆನಪಿದೆ. ಹನ್ನೊಂದು ರಾಜರ ಬದಲು ಅಂಥದ್ದೊಂದು ಕಂದಕ ಸಾಕು.

ಮೊದಲ ಅಧ್ಯಾಯಕ್ಕೆ ಮೂರು ತಿಂಗಳ ಬಿಸಿಲು ಹಾಕಿ ಮತ್ತೆ ಕಳಿಸಿ. ಮಂತ್ರವಾದಿ ಇರಲಿ, ಅವನು ನನಗೆ ಇಷ್ಟವಾದ.

– ಸಂಪಾದಕ