ಪ್ರಖರ ನಕ್ಷತ್ರದ ಪಕ್ಕದಲ್ಲೇ ಯಾಕೆ ಹುಡುಕುತ್ತಾರೆ?

ಪ್ರಶ್ನೆ: ಮಂಕು ಗ್ಯಾಲಕ್ಸಿ ನೋಡಬೇಕಾದವರು ಪ್ರಖರ ನಕ್ಷತ್ರದಿಂದ ದೂರ ಇರಬೇಕಲ್ವಾ? ಪಕ್ಕದಲ್ಲೇ ಇನ್ಫ್ರಾರೆಡ್ (ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕಿನ) ಸರ್ವೆ ಯಾಕೆ? ಕೃತಕ ನಕ್ಷತ್ರ ಮಾಡುವ ಲೇಸರ್ ಇದೆಯಲ್ಲ, ಸಾಲದೇ?

ಮತ್ತೆ ಮತ್ತೆ ಇದೇ ಪ್ರಶ್ನೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಉತ್ತರ ಇರುವುದು ಅಡಾಪ್ಟಿವ್ ಆಪ್ಟಿಕ್ಸ್ ಎಂಬ ತಂತ್ರದಲ್ಲಿ. ಅಂದರೆ ನೆಲದ ಮೇಲಿನ ಟೆಲಿಸ್ಕೋಪಿನಲ್ಲಿ ಗಾಳಿಯ ಅಲುಗಾಟ ಅಳೆದು, ಸೆಕೆಂಡಿಗೆ ನೂರಾರು ಸಲ ಕನ್ನಡಿ ಬಗ್ಗಿಸಿ ಚಿತ್ರ ಸರಿಪಡಿಸುವುದು. ಅಷ್ಟು ಗೊತ್ತಿದ್ದರೆ ಸಾಕು.

1995ರಲ್ಲಿ ಹಬಲ್ ಬಾಹ್ಯಾಕಾಶ ಟೆಲಿಸ್ಕೋಪು ಆಕಾಶದ ಒಂದೇ ಚಿಕ್ಕ ತುಂಡನ್ನು ಬಹಳ ಹೊತ್ತು ನೋಡಿ ತೆಗೆದ ಹಬಲ್ ಡೀಪ್ ಫೀಲ್ಡ್‌ಗೆ ಪ್ರಖರ ನಕ್ಷತ್ರ ಇಲ್ಲದ ಜಾಗವನ್ನೇ ಆರಿಸಿದ್ದರು. ಹಬಲ್ ಗಾಳಿಯ ಮೇಲಿದೆ, ಅದಕ್ಕೆ ಸರಿ. ಹವಾಯಿಯ 10 ಮೀಟರ್ ಕೆಕ್, ಚಿಲಿಯ 8.2 ಮೀಟರ್ ವಿಎಲ್‌ಟಿ ಟೆಲಿಸ್ಕೋಪುಗಳು ಗಾಳಿಯ ಕೆಳಗಿವೆ. ಅಲುಗಾಟ ಅಳೆಯಲು ಅವಕ್ಕೆ ಹತ್ತಿರದಲ್ಲೇ ಒಂದು ಪ್ರಖರ ನಕ್ಷತ್ರ ಬೇಕು. ಅದರಿಂದ ಅರ್ಧ ಆರ್ಕ್‌ಮಿನಿಟ್ (ಒಂದು ಡಿಗ್ರಿಯ 60ನೇ ಒಂದು ಭಾಗ ಆರ್ಕ್‌ಮಿನಿಟ್, ಅದರ 60ನೇ ಒಂದು ಭಾಗ ಆರ್ಕ್‌ಸೆಕೆಂಡ್) ದಾಟಿದರೆ ಗ್ಯಾಲಕ್ಸಿಯ ಬೆಳಕು ಬೇರೆ ಗಾಳಿಯಲ್ಲಿ ಹಾದು ಬಂದಿರುತ್ತದೆ, ತಿದ್ದುಪಡಿ ಕೆಡುತ್ತದೆ. ಹೆಸರಾಂತ ಡೀಪ್ ಫೀಲ್ಡ್‌ಗಳಲ್ಲಿ ಇಂಥ ನಕ್ಷತ್ರ ಸಿಗುವುದೇ ಅಪರೂಪ. ಹಾಗಾಗಿ ಕೆಲಸವನ್ನು ತಿರುವುಮುರುವು ಮಾಡಿದರು. ಮೊದಲು ನಕ್ಷತ್ರ ಆರಿಸುವುದು, ಆಮೇಲೆ ಅದರ ಸುತ್ತ ಇನ್ಫ್ರಾರೆಡ್ ಕ್ಯಾಮೆರಾ ಹಿಡಿದು ಗ್ಯಾಲಕ್ಸಿಗಳ ಪಟ್ಟಿ ಮಾಡುವುದು.

ಸಿಕ್ಕಿದ ನಕ್ಷತ್ರವೆಲ್ಲ ಆಗುವುದಿಲ್ಲ. ಕ್ಷೀರಪಥದ ಧೂಳಿನಿಂದ ದೂರ ಇರಬೇಕು. ಜೋಡಿ ನಕ್ಷತ್ರವಾದರೆ ಅಳೆಯುವ ಸಾಧನಕ್ಕೇ ಗೊಂದಲ. ನೀಲಿ ಛಾಯೆ ಇದ್ದರೆ ಒಳ್ಳೆಯದು: ಸಾಧನ ಅಳೆಯುವುದು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಬೆಳಕನ್ನು, ಕ್ಯಾಮೆರಾ ನೋಡುವುದು 2.2 ಮೈಕ್ರಾನ್ ಇನ್ಫ್ರಾರೆಡ್ ಬೆಳಕನ್ನು. ಅಲ್ಲಿ ನೀಲಿ ನಕ್ಷತ್ರದ ಝಗಝಗ ಕಡಿಮೆ. ಗಾಳಿಯ ಕಾಟವೂ ಅಲ್ಲಿ ಕಡಿಮೆ. ದೂರದ ಗ್ಯಾಲಕ್ಸಿಗಳ ಬೆಳಕು ಹಿಗ್ಗಿ ಬರುವುದೂ ಆ ಕಡೆಗೇ. ಒಳ್ಳೆಯ ರಾತ್ರಿಯಲ್ಲೂ ಅರ್ಧ ಆರ್ಕ್‌ಸೆಕೆಂಡ್ ಮಸುಕಿರುವ ಚಿತ್ರ ಕೆಕ್‌ನಲ್ಲಿ 0.05 ಆರ್ಕ್‌ಸೆಕೆಂಡ್‌ವರೆಗೆ ಚೂಪಾಗುತ್ತದೆ.

ಇನ್ನು ಲೇಸರ್. 589 ನ್ಯಾನೋಮೀಟರ್ ಕಿರಣ ಸುಮಾರು 90 ಕಿಲೋಮೀಟರ್ ಎತ್ತರದ ಸೋಡಿಯಂ ಪದರವನ್ನು ಬೆಳಗಿಸಿ ಕೃತಕ ನಕ್ಷತ್ರ ಮಾಡುತ್ತದೆ. ಆದರೆ ಹೋಗುವಾಗಲೂ ಬರುವಾಗಲೂ ಅದನ್ನು ಅದೇ ಗಾಳಿ ತಳ್ಳುತ್ತದೆ. ಹಾಗಾಗಿ ಇಡೀ ಚಿತ್ರ ಎತ್ತ ಜಾರಿತು ಅಂತ ಅದು ಹೇಳಲಾರದು. ಅದಕ್ಕೆ ನಿಜವಾದ ನಕ್ಷತ್ರವೇ ಬೇಕು, ಮಂಕಾದದ್ದಾದರೂ ನಡೆಯುತ್ತದೆ. 'ಲೇಸರ್ ಬಂತು, ಎಲ್ಲ ಮುಗೀತು' ಅನ್ನುವ ವಿಡಿಯೋಗಳನ್ನು ಸುಮ್ನೆ ನಂಬಬೇಡಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ನಡುವಿನ ನಕ್ಷತ್ರ ಚೂಪಾಗಿ ಕಂಡಿತು ಅಂತ 25 ಆರ್ಕ್‌ಸೆಕೆಂಡ್ ದೂರದ ಗ್ಯಾಲಕ್ಸಿಯ ಗಾತ್ರವನ್ನು ಅದೇ ಲೆಕ್ಕದಲ್ಲಿ ಅಳೆಯಬೇಡಿ. ಅಷ್ಟೇ ದೂರದಲ್ಲಿ ಇನ್ನೊಂದು ನಕ್ಷತ್ರ ಹುಡುಕಿ, ಅದು ಎಷ್ಟು ಹರಡಿದೆ ನೋಡಿ. ಸಿಗದಿದ್ದರೆ ಗಾತ್ರ ಬರೆಯಲೇಬೇಡಿ. ನಾನಂತೂ ಅಂಥ ಅಂಕಿಯನ್ನು ನಂಬುವುದಿಲ್ಲ.

ಪ್ರಶ್ನೆ: ಹಸಿರು ಲೇಸರ್ ಪಾಯಿಂಟರ್‌ನಿಂದ ಮನೆ ಟೆಲಿಸ್ಕೋಪಿಗೆ ಇದೇ ತಂತ್ರ ಆಗುತ್ತಾ?

ಇಲ್ಲ. ಆಕಾಶಕ್ಕೆ ಹಿಡಿಯಲೂಬೇಡಿ, ಪೈಲಟ್‌ಗಳ ಕಣ್ಣಿಗೆ ಅಪಾಯ.

ಪ್ರಶ್ನೆ: ಮಸುಕು ಚಿತ್ರವನ್ನು ಎಐ ಆ್ಯಪ್ ಚೂಪು ಮಾಡುತ್ತಂತೆ?

ಮಾಡುತ್ತದೆ. ಗ್ಯಾಲಕ್ಸಿಯಲ್ಲಿ ಇಲ್ಲದ ಸುರುಳಿಯನ್ನೂ ಬರೆದುಕೊಡುತ್ತದೆ.

ಪ್ರಶ್ನೆ: ನಕ್ಷತ್ರಕ್ಕೆ ಮಗಳ ಹೆಸರಿಡುತ್ತೇವೆ ಅಂತ ಹಣ ಕೇಳುತ್ತಿದ್ದಾರೆ. ಕೊಡಲಾ?

ಬೇಡ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಹೆಸರು ಮಾರುವುದಿಲ್ಲ. ಆ ಸರ್ಟಿಫಿಕೇಟನ್ನು ಯಾವ ಖಗೋಳ ವಿಜ್ಞಾನಿಯೂ ಲೆಕ್ಕಕ್ಕಿಡುವುದಿಲ್ಲ.