ಗ್ರಾಮಸಭೆ ಬೇಡವೆಂದರೆ ಗಣಿ ನಿಲ್ಲುತ್ತದೆಯೇ?

ಓದುಗರೊಬ್ಬರ ಪತ್ರ: ಕಾರ್ಖಾನೆ, ಗಣಿಗಳಿಂದ ಆದಿವಾಸಿಗಳು ಎತ್ತಂಗಡಿಯಾಗುವ ಚಲನಚಿತ್ರಗಳಲ್ಲಿ ಬೆಳಗಾಗುತ್ತಲೇ ಬುಲ್ಡೋಜರ್ ಬರುತ್ತದೆ; ಇಲ್ಲವೇ ಗ್ರಾಮಸಭೆ ಕೈಯೆತ್ತಿ ಬೇಡವೆಂದ ಕೂಡಲೇ ಕಂಪನಿ ಕಾಲ್ಕೀಳುತ್ತದೆ. ಯಾವುದು ನಿಜ?

ಸಂಪಾದಕರ ಉತ್ತರ: ಎರಡೂ ನಡೆದಿವೆ, ಅದೂ ಒಡಿಶಾದ ಒಂದೇ ಬೆಟ್ಟದ ಆಸುಪಾಸಿನಲ್ಲಿ. ಚಿತ್ರಕಥೆಗೆ ಬೇಕಾದಷ್ಟು ಚುರುಕಾಗಿ ಮಾತ್ರ ಅಲ್ಲ.

ಆ ಬೆಟ್ಟ ನಿಯಮಗಿರಿ. ಅದರ ನೆತ್ತಿಯಲ್ಲಿ ಅಲ್ಯೂಮಿನಿಯಂ ಅದಿರಾದ ಬಾಕ್ಸೈಟ್ ಇದೆ. ಅಲ್ಲಿನ ಆದಿವಾಸಿಗಳಾದ ಡೊಂಗ್ರಿಯಾ ಕೊಂಧರ ದೈವ ನಿಯಮರಾಜನ ನೆಲೆಯೂ ಅದೇ. ಅಲ್ಲಿ ಸುಮಾರು 660 ಹೆಕ್ಟೇರಿನಲ್ಲಿ ಗಣಿ ತೆರೆದು, ಬುಡದ ಲಾಂಜಿಗಢದಲ್ಲಿರುವ ವೇದಾಂತ ಕಂಪನಿಯ ರಿಫೈನರಿಗೆ (ಅದಿರು ಸಂಸ್ಕರಿಸುವ ಕಾರ್ಖಾನೆಗೆ) ಅದಿರು ಇಳಿಸುವ ಯೋಜನೆಯಿತ್ತು. ಗಣಿಗೆ ಅರಣ್ಯ ಅನುಮತಿ ಸಿಗುವ ಮೊದಲೇ ರಿಫೈನರಿ ಎದ್ದು ನಿಂತಿತು. ಮರ್ಮ ಇರುವುದು ಇಲ್ಲೇ: ಇಷ್ಟು ದುಡ್ಡು ಸುರಿದಾಗಿದೆ, ಇನ್ನು ಅದಿರು ಕೊಡದಿದ್ದರೆ ಹೇಗೆ ಎಂಬ ವಾದ ತಾನಾಗಿ ಹುಟ್ಟುತ್ತದೆ. ರಿಫೈನರಿಗಾಗಿ ಕಿನಾರಿ ಗ್ರಾಮ ಆಗಲೇ ಖಾಲಿಯಾಗಿತ್ತು.

2010ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಗಣಿಗೆ ಅನುಮತಿ ನಿರಾಕರಿಸಿತು. ಒಡಿಶಾ ಗಣಿ ನಿಗಮ ಸುಪ್ರೀಂ ಕೋರ್ಟಿಗೆ ಹೋಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನವರಿಗೆ ಏನೇನು ಹಕ್ಕುಗಳಿವೆ, ದೇವರ ನೆಲೆಗೆ ಗಣಿಯಿಂದ ಧಕ್ಕೆಯೇ ಎಂಬುದನ್ನು ಗ್ರಾಮಸಭೆಗಳೇ ನೋಡಲಿ ಎಂದು ಕೋರ್ಟ್ 2013ರ ಏಪ್ರಿಲ್ 18ರಂದು ಹೇಳಿತು. ಬೆಟ್ಟದಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳಿದ್ದರೂ ರಾಜ್ಯ ಸರ್ಕಾರ ಆರಿಸಿದ್ದು 12 ಮಾತ್ರ. ತಕರಾರು ಎದ್ದಿತು, ಆದರೂ ಜಿಲ್ಲಾ ನ್ಯಾಯಾಧೀಶರ ದರ್ಜೆಯ ವೀಕ್ಷಕರ ಎದುರು, ಜುಲೈ–ಆಗಸ್ಟ್‌ನಲ್ಲಿ, 12ಕ್ಕೆ 12 ಸಭೆಗಳೂ ಗಣಿ ಬೇಡವೆಂದವು. 2014ರ ಜನವರಿಯಲ್ಲಿ ಕೇಂದ್ರ ಕಡತ ಮುಚ್ಚಿತು.

ಚಿತ್ರಗಳು ತೋರಿಸದಿರುವುದು ಕಾಗದಪತ್ರವನ್ನು. ಕೋರಂ ಇಲ್ಲದ ಸಭೆಗೆ ಬೆಲೆಯಿಲ್ಲ: ಅರಣ್ಯ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ನಿಯಮದಂತೆ ಕನಿಷ್ಠ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಹಾಜರಾದವರಲ್ಲಿ ಮೂರನೇ ಒಂದು ಪಾಲಾದರೂ ಮಹಿಳೆಯರಿರಬೇಕು. ಸಭೆಯೇ ನಡೆಯದೆ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ತುಂಬಿಸುವ ಕೈಚಳಕ ಹಲವೆಡೆ ಕಂಡದ್ದೇ. ಇನ್ನೊಂದು ತೊಡಕು ಪಟ್ಟಾದ್ದು. ಇಳಿಜಾರಿನಲ್ಲಿ ಪೋಡು ಬೇಸಾಯ (ಕಾಡು ಕಡಿದು ಸುಟ್ಟು, ಜಾಗ ಬದಲಿಸುತ್ತ ಮಾಡುವ ಬೇಸಾಯ) ಮಾಡುವ ನೆಲ ದಾಖಲೆಯಲ್ಲಿ ಅರಣ್ಯ. ಹಕ್ಕುಪತ್ರ ಸಿಗದಿದ್ದರೆ ತಲೆತಲಾಂತರದಿಂದ ಉತ್ತವನೂ ಒತ್ತುವರಿದಾರ, ಪರಿಹಾರದ ಪಟ್ಟಿಯಲ್ಲಿ ಅವನ ಹೆಸರೇ ಬರುವುದಿಲ್ಲ. ಬುಲ್ಡೋಜರ್ ಬರುವುದು ಆಮೇಲೆ. ಕ್ಯಾಮೆರಾಗೆ ಸರ್ವೆ ನಕ್ಷೆ ಬೇಸರ ತರಿಸುತ್ತದೆ, ನಿಜ. ಆದರೆ ನಿರ್ದೇಶಕರು ಅದನ್ನು ಬಿಟ್ಟರೆ ಖಳನಾಗಿ ಉಳಿಯುವವನು ಚಾಲಕನೊಬ್ಬನೇ.

ಗ್ರಾಮಸಭೆಗಳ ಮಾತು ನಡೆದದ್ದು ಬೆಟ್ಟದ ಮೇಲಿನ ಗಣಿಯ ಮಟ್ಟಿಗೆ. ರಿಫೈನರಿ ಬೇರೆಡೆಯ ಬಾಕ್ಸೈಟ್ ತರಿಸಿಕೊಂಡು ನಡೆಯುತ್ತಲೇ ಇದೆ. ಕಿನಾರಿಯವರಿಗೆ ಆ 12 ಸಭೆಗಳಿಂದ ಏನೂ ದಕ್ಕಲಿಲ್ಲ.