ಗೊಬ್ಬರದಲ್ಲಿ ನೀಲಿ ಎಳೆ

ಪ್ರಶ್ನೆ: ನಮ್ಮಲ್ಲಿ ನಾಲ್ಕು ದನ ಇವೆ. ಪೇಟೆ ಕಡೆ ಹೋಗುವುದೇ ಇಲ್ಲ, ಬ್ಯಾಣದಲ್ಲೇ ಮೇಯುತ್ತವೆ. ಆದರೂ ಈ ಸಲ ಗೊಬ್ಬರಗುಂಡಿ ತೆಗೆಸಿದಾಗ ಪ್ಲಾಸ್ಟಿಕ್ಕಿನ ನೀಲಿ ಎಳೆ, ಬಿಳಿ ಚೂರು ಸಿಕ್ಕವು. ಎಲ್ಲಿಂದ ಬಂದವು? ಜರಡಿ ಹಿಡಿದು ಅಡಿಕೆ ಬುಡಕ್ಕೆ ಹಾಕಬಹುದಾ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ಅಕ್ಕಾ, ನಿಮ್ಮ ಪತ್ರ ಓದಿ ಮೊದಲು ನಮ್ಮ ಕೊಟ್ಟಿಗೆಗೇ ಹೋಗಿ ನೋಡಿದೆ. ಮೂಲೆಯಲ್ಲಿ ನೀಲಿ ದಾರದ ತುಂಡುಗಳು ಬಿದ್ದಿದ್ದವು! ಲಾರಿಯಲ್ಲಿ ಬರುವ ಮಷಿನ್ ಹುಲ್ಲಿನ ಪೆಂಡಿಗೆ ಸುತ್ತಿರುತ್ತಾರಲ್ಲ, ಅದೇ ದಾರ. ಬೆಳಿಗ್ಗೆ ಗಡಿಬಿಡಿಯಲ್ಲಿ ಕತ್ತಿ ಹಾಕಿ ಕೊಯ್ಯುತ್ತೇವೆ, ಒಂದು ತುಂಡು ಹುಲ್ಲಿನ ಜೊತೆ ಗೋದಲಿಗೆ ಹೋಗುತ್ತದೆ. ಬೂಸಾ ಚೀಲದ ಬಾಯಿ ಸೀಳಿದರೂ ಅಷ್ಟೇ, ಅಂಚಿನ ಎಳೆ ಬಕೆಟ್‌ಗೆ ಉದುರುತ್ತದೆ. ದನಕ್ಕೆ ಅದನ್ನು ಆರಿಸಿ ಉಗಿಯಲು ಬರುವುದಿಲ್ಲ. ದೊಡ್ಡ ತುಂಡು ಹೊಟ್ಟೆಯಲ್ಲೇ ಉಳಿದು ಗಂಟಾಗುತ್ತದೆ, ಸಣ್ಣದು ಸಗಣಿಯಲ್ಲಿ ಬರುತ್ತದೆ.

ಬಿಳಿ ಚೂರಿನ ಬಗ್ಗೆ ನನ್ನ ಅನುಮಾನ ಕೊಟ್ಟೆಯ, ಅಂದರೆ ಅಡಿಕೆ ಗೊನೆಗೆ ಹಾಕುವ ಹೊದಿಕೆಯ ಮೇಲೆ. ಕೊಳೆರೋಗಕ್ಕೆಂದು ಅಡಿಕೆ ಕೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತೀರಾ? ಹಿಂದೆ ಕರಡದ ಹುಲ್ಲಿನ ಕೊಟ್ಟೆ ಇತ್ತು, ಬಿದ್ದರೆ ಅದೂ ಗೊಬ್ಬರ. ಪ್ಲಾಸ್ಟಿಕ್ಕಿನದು ಬಿಸಿಲು ತಿಂದು ಗರಿಗರಿಯಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ದರಕು (ಒಣ ಎಲೆ) ಗುಡಿಸಿ ಕೊಟ್ಟಿಗೆಗೆ ಹಾಸುವಾಗ ಅದೂ ಜೊತೆಗೆ ಬರುತ್ತದೆ.

ಜರಡಿ ಖಂಡಿತ ಹಿಡಿಯಿರಿ. ಗೊಬ್ಬರ ಎಸೆಯುವುದೇನೂ ಬೇಡ. ಆದರೆ 5 ಮಿಲಿಮೀಟರ್‌ಗಿಂತ ಸಣ್ಣ ಚೂರಿಗೇ ಮೈಕ್ರೋಪ್ಲಾಸ್ಟಿಕ್ ಅನ್ನುವುದು, ಅದು ಜರಡಿ ಕಣ್ಣಲ್ಲಿ ಸಲೀಸಾಗಿ ನುಸುಳುತ್ತದೆ. ಮಣ್ಣಿಗೆ ಸೇರಿದ ಮೇಲೆ ಹೆಕ್ಕಲು ಆಗದು. ನಾವು ಇಷ್ಟಪಟ್ಟು ಸಾಕುವ ಎರೆಹುಳುವೇ ಅದನ್ನು ಆಳಕ್ಕೆ ಒಯ್ಯುತ್ತದೆ. ಇವತ್ತು ದೊಡ್ಡ ತುಂಡು ಹೆಕ್ಕಿದರೆ ನಾಳೆ ಅಷ್ಟು ಪುಡಿ ಕಮ್ಮಿ, ಅಲ್ವಾ?

ಎಷ್ಟಿದೆ ಅಂತ ನೋಡಬೇಕಾದರೆ ಒಂದು ಹಿಡಿ ಒಣ ಗೊಬ್ಬರವನ್ನು ಬಕೆಟ್ ನೀರಿನಲ್ಲಿ ಕದಡಿ, ಒಂದು ದಿನ ಬಿಡಿ. ದಾರ, ಚೀಲದ ಎಳೆ ನೀರಿಗಿಂತ ಹಗುರ, ಮೇಲೇ ತೇಲುತ್ತವೆ. ಹುಲ್ಲುಕಡ್ಡಿ ಬಹಳಷ್ಟು ನೆನೆದು ಕೆಳಗಿಳಿಯುತ್ತದೆ.

ನಾನೀಗ ಕೊಟ್ಟಿಗೆ ಕಂಬಕ್ಕೆ ಒಂದು ಮೊಳೆ ಹೊಡೆದಿದ್ದೇನೆ. ದಾರ ಕೊಯ್ದ ಕೂಡಲೇ ಅಲ್ಲಿಗೆ. ಬೂಸಾ ಚೀಲ ಸೀಳುವುದಿಲ್ಲ, ಹೊಲಿಗೆ ಎಳೆದು ಬಿಚ್ಚುತ್ತೇನೆ. ಮೊಳೆ ತುಂಬಿದ ಮೇಲೆ ದಾರವನ್ನೆಲ್ಲ ಪಂಚಾಯಿತಿ ಕಸದ ಗಾಡಿಗೆ ಕೊಡುವುದು. ಬಚ್ಚಲೊಲೆಗೆ ಮಾತ್ರ ತುರುಕಬೇಡಿ. ಹೊಗೆ ಒಂದು ಕಡೆ, ಅರ್ಧ ಸುಟ್ಟ ಗಂಟು ಬೂದಿಯ ಜೊತೆ ಮತ್ತೆ ಅದೇ ಗೊಬ್ಬರಗುಂಡಿಗೆ ಬರುತ್ತದೆ. ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಹಾಗೇ ಆಗಿದೆ.